ಮದುವೆ, ಊರು ಬದಲಾವಣೆ, ಹೊಸ ಫ್ಯಾಕ್ಟರಿ: ತಂಗಿಯ ಪಿಎಫ್ ಪೆನ್ಶನ್ ದುಡ್ಡು ತೆಗೆಯೋದೋ ಬಿಡೋದೋ?

ಹಾಸನದ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಂಗಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು 29. ಬೇಸಿಕ್, ಡಿಎ ಸೇರಿ 13,000. ಮೊದಲನೇ ಫ್ಯಾಕ್ಟರಿಯಲ್ಲಿ 3 ವರ್ಷ 2 ತಿಂಗಳು, ಈಗಿನದರಲ್ಲಿ 5 ವರ್ಷ 7 ತಿಂಗಳು ಆಗಿದೆ. ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರ್) ಒಂದೇ, ಆದರೆ ಹಳೇ ಫ್ಯಾಕ್ಟರಿ ಪಿಎಫ್ ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿಲ್ಲ.

ಬರುವ ತಿಂಗಳು ಮದುವೆ. ಆಮೇಲೆ ಕೆಲಸ ಬಿಟ್ಟು ಹಾಸನಕ್ಕೆ ಬರುತ್ತಾಳೆ. ಇಲ್ಲೂ ಗಾರ್ಮೆಂಟ್ಸ್ ಇದೆ, ಎರಡು ಮೂರು ತಿಂಗಳಲ್ಲಿ ಸೇರುವ ಯೋಚನೆ. ಸೈಬರ್ ಸೆಂಟರ್‌ನವರು ‘ಫಾರಂ 19, ಫಾರಂ 10ಸಿ ಎರಡೂ ಹಾಕ್ತೀನಿ, ಪೂರ್ತಿ ದುಡ್ಡು ಬರುತ್ತೆ’ ಅಂದಿದ್ದಾರೆ.

ಕೇಳಬೇಕಾದದ್ದು: ಎರಡೂ ತೆಗೆಯಬಹುದಾ? ನಾಮಿನಿಯಾಗಿ ಅಮ್ಮನ ಹೆಸರಿದೆ, ಹಾಗೇ ಇರಲಾ? ಮದುವೆ ಆದಮೇಲೆ ಆಧಾರ್‌ನಲ್ಲಿ ಇನಿಶಿಯಲ್ ಬದಲಾಯಿಸಬೇಕು ಅಂತ ಗಂಡನ ಮನೆಯವರು ಹೇಳ್ತಿದ್ದಾರೆ, ಅದರಿಂದ ಪಿಎಫ್‌ಗೆ ತೊಂದರೆ ಆಗುತ್ತಾ?

---

ಪಿಎಫ್ ಸೆಕ್ಷನ್

ಮೊದಲು ಒಂದು ಮಾತು: ಫಾರಂ 10ಸಿಗೆ ಈಗ ಕೈ ಹಾಕಬೇಡಿ. ಕಾರಣ ಹೇಳುತ್ತೇನೆ.

ತಂಗಿಯ ಪಾಸ್‌ಬುಕ್ ತೆಗೆದು ಯಾವುದಾದರೂ ಒಂದು ತಿಂಗಳ ಸಾಲು ನೋಡಿ. ಮೂರು ಅಂಕಿ ಇರುತ್ತವೆ. 13,000ದ ಮೇಲೆ ಅವರ ಸಂಬಳದಿಂದ ಹಿಡಿದ 12% ಅಂದರೆ 1,560. ಕಂಪನಿಯೂ 1,560 ಕೊಡುತ್ತದೆ, ಆದರೆ ಅದು ಒಡೆದು ಹೋಗುತ್ತದೆ. ಅದರಲ್ಲಿ ಪಿಎಫ್ ಖಾತೆಗೆ 477, ಉಳಿದ 1,083 ಪೆನ್ಶನ್ ಕಾಲಂಗೆ. ಇದು 8.33% ಲೆಕ್ಕ, ಸಂಬಳ 15,000 ಮೀರಿದರೂ ಸಾಮಾನ್ಯವಾಗಿ 1,250ಕ್ಕೆ ನಿಲ್ಲುತ್ತದೆ. ಮೊದಲ ಎರಡು ಅಂಕಿ ನಿಜವಾಗಿ ನಿಮ್ಮ ಉಳಿತಾಯ, ಬಡ್ಡಿ ಬೆಳೆಯುತ್ತದೆ. ಮೂರನೆಯದು ಉಳಿತಾಯ ಅಲ್ಲ. ಅದು 1995ರ ಪೆನ್ಶನ್ ಯೋಜನೆಯ ಒಟ್ಟು ನಿಧಿಗೆ ಹೋಗುತ್ತದೆ, ನಿಮ್ಮ ಹೆಸರಿನಲ್ಲಿ ಅದಕ್ಕೆ ಬಡ್ಡಿ ಇಲ್ಲ. ಅದರಿಂದ ನಿಮಗೆ ಸಿಗುವುದು ದುಡ್ಡಲ್ಲ, ಸರ್ವಿಸ್, ಅಂದರೆ ಪೆನ್ಶನ್‌ಗೆ ಎಣಿಕೆಯಾಗುವ ದುಡಿಮೆಯ ಅವಧಿ. ಫಾರಂ 19 ಮೊದಲಿನ ಎರಡನ್ನು ತೆಗೆಯುತ್ತದೆ. ಫಾರಂ 10ಸಿಯಲ್ಲಿ ವಿತ್‌ಡ್ರಾವಲ್ ಕೇಳಿದರೆ ಸರ್ವಿಸ್ಸನ್ನೇ ಅಳಿಸಿಹಾಕುತ್ತದೆ.

ತಂಗಿಗೆ 8 ವರ್ಷ 9 ತಿಂಗಳು ಆಗಿದೆ. 58ಕ್ಕೆ ತಿಂಗಳ ಪೆನ್ಶನ್ ಬರಬೇಕಾದರೆ 10 ವರ್ಷದ ಸರ್ವಿಸ್ ಬೇಕು. ಕೊನೆಯ ತುಂಡು 6 ತಿಂಗಳು ಅಥವಾ ಹೆಚ್ಚಿದ್ದರೆ ಒಂದು ವರ್ಷ ಎಂದೇ ಎಣಿಸುವುದರಿಂದ 9 ವರ್ಷ 6 ತಿಂಗಳಾದರೆ ಸಾಕು. ಅಂದರೆ ಹಾಸನದಲ್ಲಿ ಇನ್ನು ಒಂಬತ್ತು ತಿಂಗಳು ದುಡಿದರೆ ಗೆರೆ ದಾಟಿದ ಹಾಗೆ. ಇಷ್ಟು ಹತ್ತಿರ ಬಂದು 10ಸಿ ಹಾಕಿದರೆ ಮತ್ತೆ ಸೊನ್ನೆಯಿಂದ ಶುರು. ಸರ್ವಿಸ್ ಸತತವಾಗಿರಬೇಕು ಎಂಬ ನಿಯಮ ಇಲ್ಲ. ನಡುವೆ ಎರಡು ತಿಂಗಳಲ್ಲ, ಎರಡು ವರ್ಷ ಮನೆಯಲ್ಲಿದ್ದರೂ ಹಳೇದು ಹೊಸದು ಕೂಡುತ್ತವೆ.

ಸೈಬರ್ ಸೆಂಟರ್‌ನವರು ದುಡ್ಡು ಬರುತ್ತೆ ಅಂದದ್ದು ಸುಳ್ಳಲ್ಲ. ಕೆಲಸ ಬಿಟ್ಟು ಎರಡು ತಿಂಗಳು ಕಾಯಬೇಕು ಎಂಬ ಷರತ್ತಿನಿಂದ, ಮದುವೆಗಾಗಿ ರಾಜೀನಾಮೆ ಕೊಡುವ ಹೆಣ್ಣುಮಕ್ಕಳಿಗೆ 1952ರ ಪಿಎಫ್ ಯೋಜನೆಯಲ್ಲಿ ವಿನಾಯಿತಿ ಇದೆ. ಹೆಣ್ಣುಮಕ್ಕಳ ಪೆನ್ಶನ್ ಸರ್ವಿಸ್ ಹೆಚ್ಚಾಗಿ ಕಳೆದುಹೋಗುವುದು ಈ ಬಾಗಿಲಲ್ಲೇ. 19 ಹಾಕುವಾಗ ಪಕ್ಕದಲ್ಲಿರುವ 10ಸಿಯನ್ನೂ ಒತ್ತಿಬಿಡುತ್ತಾರೆ, ಅದು ಬೇರೆ ತೀರ್ಮಾನ ಎಂದು ಯಾರೂ ಹೇಳುವುದಿಲ್ಲ. (2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಟ್ರಸ್ಟಿ ಮಂಡಳಿ ಈ ಕಾಯುವ ಅವಧಿಯನ್ನು ಪಿಎಫ್‌ಗೆ 12 ತಿಂಗಳು, ಪೆನ್ಶನ್ ವಿತ್‌ಡ್ರಾವಲ್‌ಗೆ 36 ತಿಂಗಳು ಮಾಡಲು ತೀರ್ಮಾನಿಸಿತು. ಅರ್ಜಿ ಹಾಕುವ ದಿನ ಪೋರ್ಟಲ್ ಏನು ತೋರಿಸುತ್ತದೋ ಅದನ್ನು ನೋಡಿಕೊಳ್ಳಿ.)

ಈಗ ಮಾಡಬೇಕಾದ್ದು, ಇದೇ ಕ್ರಮದಲ್ಲಿ:

ಪೀಣ್ಯದ ಕೆಲಸ ಬಿಡುವ ಮೊದಲೇ ಮೊದಲನೇ ಫ್ಯಾಕ್ಟರಿಯ ಖಾತೆಯನ್ನು ಈಗಿನದಕ್ಕೆ ಟ್ರಾನ್ಸ್‌ಫರ್ ಮಾಡಿಸಿ. ಮೆಂಬರ್ ಪೋರ್ಟಲ್‌ನಲ್ಲಿ ‘ಆನ್‌ಲೈನ್ ಸರ್ವೀಸಸ್’, ಅದರೊಳಗೆ ‘ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್’. ಹಳೇ ಮೆಂಬರ್ ಐಡಿ (ಹಳೇ ಫ್ಯಾಕ್ಟರಿಯ ಪಿಎಫ್ ಖಾತೆ ನಂಬರ್) ಆರಿಸಿ, ಒಟಿಪಿ ಹಾಕಿ ಸಲ್ಲಿಸಿ. ಹಳೇ ಫ್ಯಾಕ್ಟರಿ ಬಿಟ್ಟ ದಿನಾಂಕ ದಾಖಲಾಗಿರದಿದ್ದರೆ ಇದು ಮುಂದೆ ಹೋಗುವುದಿಲ್ಲ. ಆಗ ‘ಮ್ಯಾನೇಜ್’ನಲ್ಲಿ ‘ಮಾರ್ಕ್ ಎಕ್ಸಿಟ್’ ಇದೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾಗಿದ್ದರೆ ಸದಸ್ಯರೇ ಹಾಕಿಕೊಳ್ಳಬಹುದು. ದಿನಾಂಕ ಕೊನೆಯ ವಂತಿಗೆ ಬಂದ ತಿಂಗಳಿನೊಳಗೇ ಇರಬೇಕು. ನಿಧಾನವಾಗಿ ನೋಡಿ ಹಾಕಿ, ಒಮ್ಮೆ ಹಾಕಿದರೆ ಅಲ್ಲಿ ತಿದ್ದಲು ಬರುವುದಿಲ್ಲ.

ಟ್ರಾನ್ಸ್‌ಫರ್ ಆದಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಪಿಎಫ್ ಮೊತ್ತ ಬಂದಿರುತ್ತದೆ, ಪೆನ್ಶನ್ ಕಾಲಂನಲ್ಲಿ ಸೊನ್ನೆ ಇರುತ್ತದೆ. ಗಾಬರಿ ಬೇಡ. ಪೆನ್ಶನ್‌ನಲ್ಲಿ ದುಡ್ಡು ಸಾಗುವುದಿಲ್ಲ, ಸರ್ವಿಸ್ ಸಾಗುತ್ತದೆ. ಅದನ್ನು ‘ವ್ಯೂ’ ಒಳಗಿನ ‘ಸರ್ವಿಸ್ ಹಿಸ್ಟರಿ’ಯಲ್ಲಿ ನೋಡಿ. ಪಿಎಫ್ ಸೇರಿದ ದಿನ, ಪೆನ್ಶನ್ ಸೇರಿದ ದಿನ, ಬಿಟ್ಟ ದಿನ ಎಲ್ಲ ಬೇರೆ ಬೇರೆ ಕಾಲಂನಲ್ಲಿ ಇರುತ್ತವೆ. ಪೆನ್ಶನ್ ಸೇರಿದ ದಿನ ಖಾಲಿ ಇದ್ದರೆ ಅದು ನಿಜವಾದ ತಪ್ಪು, ಕೂಡಲೇ ಎಚ್‌ಆರ್ ಹತ್ತಿರ ಹೋಗಿ.

ಹಾಸನದಲ್ಲಿ ಸೇರುವ ದಿನ ಫಾರಂ 11 ತುಂಬಿಸಿಕೊಳ್ಳುತ್ತಾರೆ. ‘ಈ ಮೊದಲು 1995ರ ಪೆನ್ಶನ್ ಯೋಜನೆಯ ಸದಸ್ಯರಾಗಿದ್ದಿರಾ’ ಎಂಬಲ್ಲಿ ಹೌದು ಎಂದೇ ಗುರುತು ಹಾಕಬೇಕು, ಅದೇ ಯುಎಎನ್ ಕೊಡಬೇಕು. ‘ಇಲ್ಲ’ ಎಂದು ಹಾಕಿ ಹೊಸ ಯುಎಎನ್ ಮಾಡಿಸಿಕೊಂಡರೆ ಎರಡು ತುಂಡು ಸರ್ವಿಸ್ ಕೂಡಿಸುವುದಕ್ಕೆ ಮತ್ತೆ ತಿಂಗಳುಗಟ್ಟಲೆ ಓಡಾಟ.

ಮದುವೆ ಖರ್ಚಿಗೆ ದುಡ್ಡು ಬೇಕೇ ಬೇಕು ಅಂದರೆ ಕೆಲಸದಲ್ಲಿರುವಾಗಲೇ ಫಾರಂ 31ರಲ್ಲಿ ಮದುವೆ ಮುಂಗಡ ತೆಗೆಯಿರಿ. ಮೊದಲಿನಿಂದ ಇರುವ ನಿಯಮದಲ್ಲಿ 7 ವರ್ಷದ ಸದಸ್ಯತ್ವ ಇದ್ದವರಿಗೆ ತಮ್ಮ ಪಾಲು ಮತ್ತು ಅದರ ಬಡ್ಡಿಯ 50%. ಇಲ್ಲೂ ಟ್ರಾನ್ಸ್‌ಫರ್ ಮುಖ್ಯ. ಹಳೇ ಖಾತೆ ಸೇರದಿದ್ದರೆ ಪೋರ್ಟಲ್ ಲೆಕ್ಕಕ್ಕೆ 5 ವರ್ಷ 7 ತಿಂಗಳು ಮಾತ್ರ ಕಾಣುತ್ತದೆ, ಕ್ಲೈಮು ವಾಪಸ್ ಬರುತ್ತದೆ. ಮೇಲೆ ಹೇಳಿದ ಅಕ್ಟೋಬರ್ ತೀರ್ಮಾನದಲ್ಲಿ ಈ 7 ವರ್ಷವನ್ನು 12 ತಿಂಗಳಿಗೆ ಇಳಿಸುವುದೂ ಸೇರಿತ್ತು.

---

ನೋಟ್‌ಬುಕ್

ಮೇಲಿನವರು ಹೇಳಿದ ಕ್ರಮ ಸರಿ. ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ತಂಗಿ ಅರ್ಧ ವಿಷಯ ತಿಳಿದು ತೀರ್ಮಾನ ಮಾಡಿದ ಹಾಗಾಗುತ್ತದೆ.

10 ವರ್ಷಕ್ಕೆ ಪೆನ್ಶನ್ ಎಷ್ಟು? ಸೂತ್ರ: ಕೊನೆಯ 60 ತಿಂಗಳ ಸರಾಸರಿ ಸಂಬಳ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. 13,000 × 10 ÷ 70 = 1,857. ಅದು 58ಕ್ಕೆ, ಅಂದರೆ ಇನ್ನು 29 ವರ್ಷ ಬಿಟ್ಟು. ಬೆಲೆ ಏರಿದಂತೆ ಈ ಪೆನ್ಶನ್ ಏರುವುದಿಲ್ಲ. ಈಗ 10ಸಿಯಲ್ಲಿ ತೆಗೆದರೆ ಸರಿಸುಮಾರು ವರ್ಷಕ್ಕೊಂದು ತಿಂಗಳ ಸಂಬಳದ ಲೆಕ್ಕದಲ್ಲಿ 1.1 ಲಕ್ಷದ ಆಸುಪಾಸು ಬರುತ್ತದೆ. ಅದನ್ನು 7% ಬಡ್ಡಿಗೆ 29 ವರ್ಷ ಮುಟ್ಟದೆ ಇಟ್ಟರೆ 7.8 ಲಕ್ಷ. ಅದರ ಬಡ್ಡಿಯೇ ವರ್ಷಕ್ಕೆ 54,000 ದಾಟುತ್ತದೆ. ಪೆನ್ಶನ್ ವರ್ಷಕ್ಕೆ 22,284.

ತಂಗಿ ಗೆರೆ ದಾಟಿದ ಕೂಡಲೇ ಕೆಲಸ ಪೂರ್ತಿ ಬಿಡುವ ಯೋಚನೆಯಲ್ಲಿದ್ದರೆ ಇದನ್ನು ತಳ್ಳಿಹಾಕುವಂತಿಲ್ಲ.

---

ಪಿಎಫ್ ಸೆಕ್ಷನ್

ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ ಇಲ್ಲಿ ಹೋಲಿಸಬೇಕಾದದ್ದು ‘10 ವರ್ಷದ ಪೆನ್ಶನ್ಗೂ ಎಫ್‌ಡಿಗೂ’ ಅಲ್ಲ. ಅವರು ಹಾಸನದಲ್ಲಿ ಮತ್ತೆ ಸೇರುವವರು. ಇನ್ನು 15 ವರ್ಷ ದುಡಿದರು, ಕೊನೆಯ ಐದು ವರ್ಷದ ಸರಾಸರಿ ಸಂಬಳ 15,000 ಎಂದಿಟ್ಟುಕೊಳ್ಳಿ.

ಈಗ 10ಸಿ ಹಾಕಿದ್ದರೆ: 15 × 15,000 ÷ 70 = 3,214.

ಹಾಕದಿದ್ದರೆ: 8 ವರ್ಷ 9 ತಿಂಗಳು ಕೂಡಿ 23 ವರ್ಷ 9 ತಿಂಗಳು, ಅದು 24 ಆಗುತ್ತದೆ. 20 ವರ್ಷ ದಾಟಿದವರಿಗೆ 2 ವರ್ಷದ ಬೋನಸ್ ಸೇರಿ 26. 26 × 15,000 ÷ 70 = 5,571.

ತಿಂಗಳಿಗೆ 2,357 ವ್ಯತ್ಯಾಸ. ಹಳೇ ವರ್ಷಗಳಿಗೆ ಆಗಿನ ಕಡಿಮೆ ಸಂಬಳದ ಬೆಲೆ ಅಲ್ಲ, ಕೊನೆಯ ಸಂಬಳದ ಬೆಲೆ ಸಿಗುತ್ತದೆ. ಆರು ಏಳು ಸಾವಿರಕ್ಕೆ ಹೊಲಿದ ವರ್ಷವೂ ಕೊನೆಗೆ 15,000ದ ವರ್ಷವಾಗಿಯೇ ಎಣಿಕೆಯಾಗುತ್ತದೆ. ಇದು ಎಫ್‌ಡಿಯಲ್ಲಿ ಇಲ್ಲ.

ಇನ್ನೊಂದು, ಇದು ಬರೀ ಮುಪ್ಪಿನ ಪೆನ್ಶನ್ ಅಲ್ಲ. ಸರ್ವಿಸ್‌ನಲ್ಲಿರುವಾಗ ಏನಾದರೂ ಆದರೆ ಒಂದೇ ಒಂದು ತಿಂಗಳ ವಂತಿಗೆ ಬಂದಿದ್ದರೂ ಗಂಡನಿಗೆ ಪೆನ್ಶನ್ ಬರುತ್ತದೆ, ಕನಿಷ್ಠ 1,000. ಜೊತೆಗೆ 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ತಲಾ ಅದರ 25%. ಗಂಡ ಮತ್ತೆ ಮದುವೆಯಾದರೆ ಅವರ ಪೆನ್ಶನ್ ನಿಲ್ಲುತ್ತದೆ, ಆದರೆ ಮಕ್ಕಳದು ಅನಾಥ ಪೆನ್ಶನ್ ಆಗಿ 75%ಗೆ ಏರುತ್ತದೆ. ತಾಯಿ ಇಲ್ಲದ ಮಗುವಿನ ಪಾಲಿಗೆ ಈ ನಿಯಮ ದೊಡ್ಡದು.

1.1 ಲಕ್ಷ 29 ವರ್ಷ ಮುಟ್ಟದೆ ಉಳಿಯುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ, ಮದುವೆ ಮನೆಯಲ್ಲಂತೂ. ಪಿಎಫ್ ಎಂದರೆ ಕಷ್ಟಕ್ಕೆ ಕೈಗೆ ಸಿಗುವ ದುಡ್ಡು ಎಂಬ ಭಾವನೆ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಎಷ್ಟು ಆಳವಾಗಿದೆ ಎಂದರೆ, 2016ರಲ್ಲಿ ಕಂಪನಿ ಪಾಲನ್ನು 58ರ ತನಕ ತೆಗೆಯಬಾರದು ಎಂಬ ನಿಯಮ ಬಂದಾಗ ಏಪ್ರಿಲ್‌ನಲ್ಲಿ ಸಾವಿರಾರು ಜನ ಬೆಂಗಳೂರಿನ ರಸ್ತೆಗಿಳಿದರು. ಏಪ್ರಿಲ್ 19ಕ್ಕೆ ಕೇಂದ್ರ ಅದನ್ನು ವಾಪಸ್ ಪಡೆಯಿತು. ಅವರ ಬೇಡಿಕೆ ನ್ಯಾಯವಾದದ್ದೇ. ಪಿಎಫ್ ದುಡ್ಡು ಅವರದು, ಬೇಕಾದಾಗ ಸಿಗಬೇಕು. ಪೆನ್ಶನ್ ಸರ್ವಿಸ್ ಮಾತ್ರ ಆ ಸಾಲಿಗೆ ಸೇರಿಸಬಾರದು.

ಹಾಸನದಲ್ಲಿ ಕೆಲಸ ಸಿಗುವುದು ತಡವಾಗುತ್ತದೆ ಅಂದರೆ ಅದಕ್ಕೂ ದಾರಿ ಇದೆ: ಸ್ಕೀಮ್ ಸರ್ಟಿಫಿಕೇಟ್. ಅದೇ ಫಾರಂ 10ಸಿ, ಆದರೆ ದುಡ್ಡಿನ ಬದಲು ‘ಇಷ್ಟು ಸರ್ವಿಸ್ ಆಗಿದೆ’ ಎಂಬ ಪತ್ರ ಕೇಳುವುದು. ಸರ್ಕಾರದ ಉಮಂಗ್ ಆ್ಯಪ್‌ನಲ್ಲೂ ಅರ್ಜಿ ಹಾಕಬಹುದು. ಕುಟುಂಬದವರ ಹೆಸರು, ಹುಟ್ಟಿದ ದಿನ ಅದರಲ್ಲಿ ಬರುತ್ತವೆ. ಮುಂದೆ ಎಂದಾದರೂ ಕೆಲಸಕ್ಕೆ ಸೇರಿದಾಗ ಕೊಟ್ಟರೆ ಹಳೇ ಸರ್ವಿಸ್ ಕೂಡುತ್ತದೆ. ಎರಡು ಮೂರು ತಿಂಗಳಲ್ಲೇ ಸೇರುವುದು ಖಚಿತವಾದರೆ ಇದರ ಅಗತ್ಯ ಇಲ್ಲ, ಟ್ರಾನ್ಸ್‌ಫರ್ ಸಾಕು.

---

ಸಂಜೆ ಪಾಳಿ

ನಾಮಿನಿ ಮತ್ತು ಹೆಸರಿನ ಬಗ್ಗೆ ಹೇಳುತ್ತೇನೆ.

ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಿಲ್ಲುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಾಮಿನೇಷನ್ ಮಾಡುವ ಫಾರಂ 2ರಲ್ಲೇ ‘ಮುಂದೆ ಕುಟುಂಬ ಹೊಂದಿದರೆ ಈ ನಾಮಿನೇಷನ್ ರದ್ದಾದಂತೆ’ ಎಂಬ ಸಾಲಿದೆ. ಹೊಸದು ಮಾಡಲೇಬೇಕು. ಮಾಡದೇ ಇದ್ದು ಏನಾದರೂ ಆದರೆ ಪಿಎಫ್ ದುಡ್ಡು ಕುಟುಂಬದವರಿಗೆ ಸಮಪಾಲು. ಹೆಣ್ಣುಮಗಳ ವಿಷಯದಲ್ಲಿ ಕುಟುಂಬ ಎಂದರೆ ಗಂಡ, ಮಕ್ಕಳು, ಅವರನ್ನು ಅವಲಂಬಿಸಿದ ತಂದೆ ತಾಯಿ, ಜೊತೆಗೆ ಗಂಡನ ಅವಲಂಬಿತ ತಂದೆ ತಾಯಿಯೂ. ಯಾರು ಅವಲಂಬಿತರು ಎಂದು ಸಾಬೀತು ಮಾಡುವುದರಲ್ಲೇ ಎರಡು ಮನೆಗಳ ನಡುವೆ ಮನಸ್ಸು ಮುರಿಯುತ್ತದೆ.

ಅಮ್ಮ ಮಗಳ ದುಡಿಮೆಯ ಮೇಲೆಯೇ ಇದ್ದಾರೆ ಅಂದರೆ ಅವರನ್ನು ಕೈಬಿಡಬೇಕಾಗಿಲ್ಲ. ಪಿಎಫ್ ನಾಮಿನೇಷನ್‌ನಲ್ಲಿ ಅಮ್ಮನಿಗೆ ಇಷ್ಟು, ಗಂಡನಿಗೆ ಇಷ್ಟು ಎಂದು ಶೇಕಡಾವಾರು ಹಂಚಬಹುದು. ಪೆನ್ಶನ್‌ಗೆ ಆ ಸ್ವಾತಂತ್ರ್ಯ ಇಲ್ಲ. ಅಲ್ಲಿ ಕುಟುಂಬ ಎಂದರೆ ಗಂಡ ಮತ್ತು ಮಕ್ಕಳು ಮಾತ್ರ, ಅವರಿರುವಾಗ ಅಮ್ಮನ ಹೆಸರು ಬರೆದರೂ ನಡೆಯುವುದಿಲ್ಲ. ತಂಗಿಗೆ ಇದನ್ನು ಮುಂಚೆಯೇ ಹೇಳಿ. ಅಮ್ಮನಿಗೆ ಏನಾದರೂ ಭದ್ರತೆ ಮಾಡಬೇಕು ಅಂದರೆ ಅದು ಪಿಎಫ್ ಪಾಲಿನಿಂದಲೇ ಆಗಬೇಕು.

ಈ-ನಾಮಿನೇಷನ್ ಮಾಡುವುದು ‘ಮ್ಯಾನೇಜ್’ನಲ್ಲಿ. ಮೊದಲು ಪ್ರೊಫೈಲ್‌ನಲ್ಲಿ ತಂಗಿಯ ಫೋಟೊ ಇರಬೇಕು, ಇಲ್ಲದಿದ್ದರೆ ಪುಟ ಮುಂದೆ ಹೋಗುವುದಿಲ್ಲ. ಗಂಡನ ಆಧಾರ್ ನಂಬರ್, ಅದರಲ್ಲಿರುವ ಹಾಗೆಯೇ ಹೆಸರು, ಹುಟ್ಟಿದ ದಿನ, ಒಂದು ಫೋಟೊ ಸಿದ್ಧವಿರಲಿ. ಕುಟುಂಬದ ವಿವರ ಸೇರಿಸಿ, ಪಾಲು ಹಾಕಿ, ಸೇವ್ ಮಾಡಿದ ಮೇಲೆ ಬಹಳ ಜನ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ‘ಈ-ಸೈನ್’ ಒತ್ತಿ ಆಧಾರ್ ಒಟಿಪಿ ಹಾಕಿದಾಗಲೇ ಅದು ದಾಖಲಾಗುವುದು. ಅಲ್ಲಿಯವರೆಗೆ ‘ಪೆಂಡಿಂಗ್’ ಎಂದೇ ಬಿದ್ದಿರುತ್ತದೆ. ಹೀಗೆ ಸೈನ್ ಆಗದೆ ವರ್ಷಗಟ್ಟಲೆ ಬಿದ್ದಿರುವ ನಾಮಿನೇಷನ್‌ಗಳು ಬೇಕಾದಷ್ಟಿವೆ.

ಇದೇ ನಾಮಿನೇಷನ್ ವಿಮೆಗೂ ಅನ್ವಯ. ಇಡಿಎಲ್‌ಐ ಎಂದು ಒಂದಿದೆ, ನೌಕರರ ಸಂಬಳದಿಂದ ಒಂದು ಪೈಸೆಯೂ ಹಿಡಿಯುವುದಿಲ್ಲ. ಸರ್ವಿಸ್‌ನಲ್ಲಿ ಸತ್ತರೆ ಗರಿಷ್ಠ 7 ಲಕ್ಷ. ಮನೆಯವರಿಗೆ ಇದು ಇದೆಯೆಂದೇ ಗೊತ್ತಿರುವುದಿಲ್ಲ. ಪಿಎಫ್‌ಗೆ ಫಾರಂ 20, ಪೆನ್ಶನ್‌ಗೆ 10ಡಿ, ವಿಮೆಗೆ 5ಐಎಫ್, ಮೂರೂ ಹಾಕಬೇಕು.

ಹೆಸರಿನ ವಿಷಯ: ಟ್ರಾನ್ಸ್‌ಫರ್, ಮದುವೆ ಮುಂಗಡ ಎರಡೂ ಮುಗಿಯುವ ತನಕ ಆಧಾರ್ ಮುಟ್ಟಬೇಡಿ. ನಮ್ಮ ಕಡೆ ‘ಮಂಜುಳಾ ಎನ್’ ಎಂದಿದ್ದವರು ಮದುವೆಯಾದ ಮೇಲೆ ‘ಮಂಜುಳಾ ಎಸ್’ ಆಗುತ್ತಾರೆ. ಇಂಗ್ಲಿಷಿನಲ್ಲಿ ಕೊನೆಗೆ ಒಂದು ‘ಎ’ ಇದೆಯೋ ಎರಡು ‘ಎ’ ಇದೆಯೋ, ಇನಿಶಿಯಲ್ ಹಿಂದಿದೆಯೋ ಮುಂದಿದೆಯೋ ಎಂಬುದೂ ಕಂಪ್ಯೂಟರ್‌ಗೆ ಬೇರೆ ಹೆಸರೇ. ಆಧಾರ್ ಬದಲಾಗಿ ಯುಎಎನ್, ಬ್ಯಾಂಕು, ಪ್ಯಾನ್ ಹಳೇ ಹೆಸರಿನಲ್ಲೇ ಉಳಿದರೆ ಕ್ಲೈಮು ಅಲ್ಲೇ ನಿಲ್ಲುತ್ತದೆ. ಬದಲಾಯಿಸಲೇಬೇಕಾದರೆ ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕು, ಕೊನೆಗೆ ಯುಎಎನ್. 2017ರ ಅಕ್ಟೋಬರ್ 1ರ ನಂತರ ಬಂದ, ಆಧಾರ್ ತಾಳೆಯಾದ ಯುಎಎನ್ ಇದ್ದರೆ 2025ರ ಜನವರಿಯಿಂದ ಹೆಸರು, ಗಂಡನ ಹೆಸರು, ವಿವಾಹ ಸ್ಥಿತಿ ಇಂಥವನ್ನು ಸದಸ್ಯರೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳೇ ಯುಎಎನ್ ಆದರೆ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೇ ಪೀಣ್ಯ ಬಿಡುವ ಮೊದಲು ಯುಎಎನ್ ಯಾವಾಗ ಬಂದದ್ದೆಂದು ನೋಡಿಕೊಳ್ಳಿ. ಇನಿಶಿಯಲ್ ಬದಲಿಸದೆ ಹುಟ್ಟಿದ ಮನೆಯ ಹೆಸರಿನಲ್ಲೇ ಉಳಿದರೆ ಕಾನೂನಿನಲ್ಲಿ ಯಾವ ತೊಂದರೆಯೂ ಇಲ್ಲ. ಗಂಡನ ಹೆಸರು ಸೇರಬೇಕಾದದ್ದು ಕುಟುಂಬದ ವಿವರದಲ್ಲಿ, ತಂಗಿಯ ಹೆಸರಿನಲ್ಲಲ್ಲ.

---

ಹಾಸನದ ಹುಡುಗ

ತುಂಬಾ ಉಪಕಾರ ಆಯ್ತು. 10ಸಿ ಬೇಡ ಅಂತ ತಂಗಿಗೆ ಹೇಳಿದೆ, ಒಪ್ಪಿದಳು. ಇನ್ನೊಂದು ಕೇಳಬೇಕು. ಹಾಸನದಲ್ಲಿ ಸೇರಿ ಸ್ವಲ್ಪ ದಿನಕ್ಕೇ ಮಗು ಆದರೆ ಹೆರಿಗೆ ರಜೆ ಆ ಒಂಬತ್ತು ತಿಂಗಳ ಲೆಕ್ಕಕ್ಕೆ ಬರುತ್ತಾ? ಸಂಬಳ ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಒಳಪಡುತ್ತೆ.

---

ಪಿಎಫ್ ಸೆಕ್ಷನ್

ಒಳ್ಳೆಯ ಪ್ರಶ್ನೆ, ಇದನ್ನು ಕೇಳುವವರೇ ಕಡಿಮೆ.

ಸಂಬಳ 21,000ದ ಒಳಗಿದ್ದು ಇಎಸ್‌ಐ ಇದ್ದವರಿಗೆ 26 ವಾರದ ಹೆರಿಗೆ ಭತ್ಯೆ ಕೊಡುವುದು ಇಎಸ್‌ಐ ಕಾರ್ಪೊರೇಷನ್, ಕಂಪನಿ ಅಲ್ಲ. ಕಂಪನಿ ಸಂಬಳ ಕೊಡದ ಮೇಲೆ ಪಿಎಫ್ ಕಡಿತವೂ ಇಲ್ಲ. ಆ ದಿನಗಳು ತಿಂಗಳ ರಿಟರ್ನ್‌ನಲ್ಲಿ ಎನ್‌ಸಿಪಿ, ಅಂದರೆ ವಂತಿಗೆ ಇಲ್ಲದ ದಿನಗಳು ಎಂದು ಹೋಗುತ್ತವೆ. ಪೆನ್ಶನ್ ಸರ್ವಿಸ್ ಲೆಕ್ಕದಲ್ಲಿ ಅವು ಕಳೆಯುತ್ತವೆ. ಆದ್ದರಿಂದ ಹೆರಿಗೆ ರಜೆ ನಡುವೆ ಬಂದರೆ ಗುರಿ ಆರು ತಿಂಗಳು ಮುಂದೆ ಹೋಗುತ್ತದೆ ಎಂದು ತಿಳಿಯಿರಿ. ಅದಕ್ಕೆ ಮೇಲೆ ಸಂಬಳವಿಲ್ಲದ ರಜೆ ತೆಗೆದರೆ ಅದೂ ಸೇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಕಂಪನಿಯಲ್ಲೇ ಇದ್ದೇನೆ ಎನ್ನುವುದು ಬೇರೆ, ಪೆನ್ಶನ್‌ಗೆ ಎಣಿಕೆಯಾಗುವುದು ಬೇರೆ.

ಇದೇ ಕಾರಣಕ್ಕೆ ನಿಮ್ಮ 8 ವರ್ಷ 9 ತಿಂಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ. ಕಳೆದ ವರ್ಷಗಳಲ್ಲಿ ಸಂಬಳವಿಲ್ಲದ ರಜೆ ಒಟ್ಟು ನಾಲ್ಕು ತಿಂಗಳಾಗಿದ್ದರೆ ಇರುವುದು 8 ವರ್ಷ 5 ತಿಂಗಳು ಮಾತ್ರ. ಪಾಸ್‌ಬುಕ್‌ನಲ್ಲಿ ಪೆನ್ಶನ್ ಕಾಲಂ ಮೇಲಿಂದ ಕೆಳಗೆ ಓದಿ, ಎಲ್ಲಿ 1,083ರ ಬದಲು 400, 600 ಹೀಗೆ ಕಡಿಮೆ ಇದೆ ಅಥವಾ ತಿಂಗಳೇ ಇಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಅಂಥ ತಿಂಗಳ ಸಂಬಳ ಚೀಟಿಯ ಜೊತೆ ಹೋಲಿಸಿ. ಚೀಟಿಯಲ್ಲಿ ಪೂರ್ತಿ ಹಿಡಿದು ಪಾಸ್‌ಬುಕ್‌ನಲ್ಲಿ ಕಡಿಮೆ ಬಂದಿದ್ದರೆ ಅದು ಕಂಪನಿ ಕಟ್ಟಬೇಕಾದ ಬಾಕಿ. ಕೆಲಸದಲ್ಲಿರುವಾಗಲೇ ಕೇಳುವುದು ಸುಲಭ.

ಹತ್ತರ ಗೆರೆಗೆ ತೀರಾ ಹತ್ತಿರ ನಿಲ್ಲಬೇಡಿ. 9 ವರ್ಷ 6 ತಿಂಗಳು ಎಂದು ದಿನ ಎಣಿಸಿ ರಾಜೀನಾಮೆ ಕೊಟ್ಟು, ಹನ್ನೆರಡು ದಿನದ ಎನ್‌ಸಿಪಿಯಿಂದ 9 ವರ್ಷ 5 ತಿಂಗಳಾಗಿ ಪೆನ್ಶನ್ ತಪ್ಪಿಹೋಗುವುದು ಬೇಡ. ಎರಡು ಮೂರು ತಿಂಗಳು ಜಾಸ್ತಿ ಇರಲಿ.

---

ಸಂಜೆ ಪಾಳಿ

ಮಗು ಹುಟ್ಟಿದ ಮೇಲೆ ಅದರ ಆಧಾರ್ ಮಾಡಿಸಿ ಈ-ನಾಮಿನೇಷನ್‌ಗೆ ಸೇರಿಸಿ, ಮತ್ತೆ ಈ-ಸೈನ್ ಮಾಡಿ. ಮಗುವಿಗೂ ಪಿಎಫ್ ಪಾಲು ಹಾಕುವುದಾದರೆ ಗಾರ್ಡಿಯನ್ ಹೆಸರು ಕೇಳುತ್ತದೆ.

ಪೋರ್ಟಲ್‌ನಲ್ಲಿ ಆಗದ ಕೆಲಸ ಇದ್ದರೆ ಪ್ರತಿ ತಿಂಗಳ 27ರಂದು ‘ನಿಧಿ ಆಪ್ಕೆ ನಿಕಟ್’ ಎಂದು ಜಿಲ್ಲೆಗಳಲ್ಲಿ ಇಪಿಎಫ್‌ಒದವರೇ ಬಂದು ಕೂರುತ್ತಾರೆ, ರಜೆ ಇದ್ದರೆ ಮರು ಕೆಲಸದ ದಿನ. ಹೋಗುವಾಗ ಯುಎಎನ್, ಆಧಾರ್, ಪಾಸ್‌ಬುಕ್ ಪ್ರಿಂಟು, ಎರಡೂ ಫ್ಯಾಕ್ಟರಿಯ ಒಂದೊಂದು ಸಂಬಳ ಚೀಟಿ ಇಟ್ಟುಕೊಂಡು ಹೋಗಲಿ. ಮತ್ತೆ ಯುಎಎನ್‌ಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಎಂದು ಇವತ್ತೇ ನೋಡಿ. ಸೂಪರ್‌ವೈಸರ್‌ದೋ ಸೈಬರ್ ಸೆಂಟರ್‌ದೋ ಇದ್ದರೆ ಮೊದಲು ತಂಗಿಯ ನಂಬರ್ ಹಾಕಿಸಿ. ಪೋರ್ಟಲ್‌ನ ಒಟಿಪಿ ಹೋಗುವುದು ಆ ನಂಬರಿಗೇ.